ಜೀವಕೋಶದ ಜೀರ್ಣಚೀಲ



1949ರ ಡಿಸೆಂಬರ್. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಡಿ ಡೂವ್ ಎಂಬ ಮೂವತ್ತೆರಡು ವರ್ಷದ ವಿಜ್ಞಾನಿ ಇಲಿಯ ಯಕೃತ್ತನ್ನು ಅರೆದು, ಅದರ ರಸದಲ್ಲಿ ಕಿಣ್ವಗಳನ್ನು ಅಳೆಯುತ್ತಿದ್ದರು. ಅವರ ತಲೆಯಲ್ಲಿ ಇದ್ದದ್ದು ಇನ್ಸುಲಿನ್. ಸಕ್ಕರೆಗೆ ಸಂಬಂಧಿಸಿದ ಒಂದು ಕಿಣ್ವ ಕೋಶದ ಯಾವ ಭಾಗದಲ್ಲಿದೆ ಎಂಬುದು ಅವರಿಗೆ ಬೇಕಿತ್ತು. ಹೋಲಿಕೆಗೆ ಇರಲಿ ಅಂತ ಆಸಿಡ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವನ್ನೂ ಜೊತೆಗೆ ಅಳೆಯುತ್ತಿದ್ದರು. ಅದರ ಬಗ್ಗೆ ವಿಶೇಷ ಆಸಕ್ತಿಯೇನೂ ಇರಲಿಲ್ಲ.

ತೊಂದರೆ ಬಂದದ್ದು ಅಲ್ಲೇ. ಯಕೃತ್ತನ್ನು ಬ್ಲೆಂಡರ್‌ಗೆ ಹಾಕಿ ಜೋರಾಗಿ ರುಬ್ಬಿದಾಗ ಈ ಕಿಣ್ವ ಎಷ್ಟು ಸಿಗುತ್ತಿತ್ತೋ, ಸಕ್ಕರೆ ದ್ರಾವಣದಲ್ಲಿ ಮೆತ್ತಗೆ ಅರೆದಾಗ ಅದರ ಹತ್ತರಲ್ಲಿ ಒಂದು ಪಾಲು ಮಾತ್ರ ಕಾಣಿಸಿತು. ಲೆಕ್ಕ ತಪ್ಪಿರಬೇಕು ಅನ್ನಿಸಿತು. ಆದರೂ ಅದನ್ನು ಚೆಲ್ಲದೆ ಫ್ರಿಜ್ಜಿನಲ್ಲಿಟ್ಟರು. ಐದು ದಿನ ಕಳೆದು ಮತ್ತೆ ಅಳೆದಾಗ ಕಿಣ್ವ ಪೂರ್ತಿ ಪ್ರಮಾಣದಲ್ಲಿ ಹಾಜರ್! ಕಿಣ್ವ ಕಾಣೆಯಾಗಿರಲೇ ಇಲ್ಲ, ಯಾವುದೋ ಪೊರೆಯ ಚೀಲದೊಳಗೆ ಬಂದಿಯಾಗಿತ್ತು. ಬ್ಲೆಂಡರಿನ ಅಲಗು ಆ ಚೀಲವನ್ನು ಹರಿದಿತ್ತು; ಫ್ರಿಜ್ಜಿನಲ್ಲಿ ಅದು ತಾನಾಗಿಯೇ ಹಳಸಿ ಸೋರಿತ್ತು.

ಹಾಳಾಯಿತು ಎಂದು ಅದನ್ನು ಸಿಂಕಿಗೆ ಸುರಿದು ಇನ್ಸುಲಿನ್ ಕಡೆಗೆ ಹೋಗಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಡಿ ಡೂವ್ ಇನ್ಸುಲಿನ್ನನ್ನೇ ಬಿಟ್ಟು ಚೀಲದ ಬೆನ್ನು ಹತ್ತಿದರು. ಅದರೊಳಗೆ ಇನ್ನೂ ಹಲವು ಕಿಣ್ವಗಳು ಸಿಕ್ಕವು. ಎಲ್ಲವೂ ಆಮ್ಲದಲ್ಲಿ ಕೆಲಸ ಮಾಡುವಂಥವು, ಎಲ್ಲವೂ ಏನನ್ನಾದರೂ ಒಡೆದು ಜೀರ್ಣಿಸುವಂಥವು. 1955ರಲ್ಲಿ ಅದಕ್ಕೆ ಲೈಸೊಸೋಮ್ ಎಂದು ಹೆಸರಿಟ್ಟರು. ಅಮೆರಿಕದ ಅಲೆಕ್ಸ್ ನೊವಿಕಾಫ್ ಲೂವೆನ್ನಿಗೆ ಬಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರ ತೆಗೆದದ್ದೂ ಅದೇ ವರ್ಷ. 1974ರಲ್ಲಿ ಡಿ ಡೂವ್ ಅವರಿಗೆ ನೊಬೆಲ್ ಬಂತು.

ಕೋಶದೊಳಗೆ ಹಳೆಯದನ್ನು, ಕೆಟ್ಟದ್ದನ್ನು ಅರಗಿಸುವ ಜಾಗ ಒಂದಿದೆ, ಸರಿ. ಇದಕ್ಕೂ ನಮ್ಮ ಕಾಯಿಲೆಗಳಿಗೂ ಏನು ಸಂಬಂಧ? ಉತ್ತರ ಒಂದು ಹಸುಗೂಸಿನ ಹೃದಯದಲ್ಲಿತ್ತು.

1932ರಲ್ಲಿ ಹಾಲೆಂಡಿನ ವೈದ್ಯ ಯೊಹಾನೆಸ್ ಪೊಂಪೆ ಏಳು ತಿಂಗಳ ಒಂದು ಹೆಣ್ಣುಮಗುವಿನ ಶವಪರೀಕ್ಷೆಯ ವರದಿ ಪ್ರಕಟಿಸಿದ್ದರು. ಹೃದಯ ವಿಪರೀತ ಊದಿಕೊಂಡಿತ್ತು. ಸ್ನಾಯುಗಳ ಒಳಗೆಲ್ಲ ಗ್ಲೈಕೊಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ, ಕಿಕ್ಕಿರಿದಿತ್ತು. ಯಾಕೆಂದು ತಿಳಿಯುವಷ್ಟು ಕಾಲ ಪೊಂಪೆ ಬದುಕಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರು ನಾಜಿಗಳ ವಿರುದ್ಧದ ಭೂಗತ ಚಳವಳಿಗೆ ಸೇರಿದ್ದರು. ಅವರ ಪ್ರಯೋಗಾಲಯದಲ್ಲಿ ಬಚ್ಚಿಟ್ಟಿದ್ದ ರೇಡಿಯೋ ಟ್ರಾನ್ಸ್‌ಮಿಟರ್ ಜರ್ಮನ್ನರ ಕೈಗೆ ಸಿಕ್ಕಿತು. 1945ರ ಏಪ್ರಿಲ್ 15ರಂದು ಅವರನ್ನು ಗುಂಡಿಕ್ಕಿ ಕೊಂದರು. ಹಾಲೆಂಡ್ ಬಿಡುಗಡೆಯಾಗಲು ಮೂರು ವಾರವೂ ಉಳಿದಿರಲಿಲ್ಲ.

ಮಗುವಿನ ಒಗಟು ಬಿಡಿಸಿದವರು ಡಿ ಡೂವ್ ಅವರ ಸಹೋದ್ಯೋಗಿ ಆನ್ರಿ-ಜೆರಿ ಎರ್ಸ್. 1963ರಲ್ಲಿ ಅವರು ತೋರಿಸಿದ್ದು ಇಷ್ಟು: ಗ್ಲೈಕೊಜನ್ನನ್ನು ಅರಗಿಸುವ ಒಂದೇ ಒಂದು ಲೈಸೊಸೋಮ್ ಕಿಣ್ವ ಈ ಕಾಯಿಲೆಯ ಮಕ್ಕಳಲ್ಲಿ ಹುಟ್ಟಿನಿಂದಲೇ ಇಲ್ಲ. ಅರಗದ ಸರಕು ಚೀಲದಲ್ಲಿ ತುಂಬಿ, ಚೀಲ ಉಬ್ಬಿ, ಕೋಶ ಕೆಡುತ್ತದೆ. ಅಲ್ಲಿಂದ ಮುಂದೆ ಇಂಥ ರೋಗಗಳು ಸಾಲಾಗಿ ಬೆಳಕಿಗೆ ಬಂದವು. ಗೋಶೆ, ಟೇ-ಸ್ಯಾಕ್ಸ್, ಹರ್ಲರ್, ಹಂಟರ್ ಹೀಗೆ ಇಂದು ಪಟ್ಟಿಯಲ್ಲಿ 50ಕ್ಕೂ ಹೆಚ್ಚು ಹೆಸರುಗಳಿವೆ. ಒಂದೊಂದೂ ಅಪರೂಪವೇ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗ 1968ರದ್ದು. ಅಮೆರಿಕದ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಸಂಗಡಿಗರು ಹರ್ಲರ್ ರೋಗಿಯ ಚರ್ಮದ ಕೋಶಗಳನ್ನೂ ಹಂಟರ್ ರೋಗಿಯ ಕೋಶಗಳನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿದರು. ಎರಡೂ ರೋಗಗ್ರಸ್ತವೇ. ಆದರೆ ಒಟ್ಟಿಗೆ ಇದ್ದಾಗ ಎರಡೂ ಸರಿಹೋದವು! ಒಂದರಲ್ಲಿಲ್ಲದ ಕಿಣ್ವ ಇನ್ನೊಂದರಿಂದ ಹೊರಗೆ ಬಂದು, ಇಲ್ಲದ ಕೋಶದ ಚೀಲ ಸೇರುತ್ತಿತ್ತು. ಅಂದಮೇಲೆ ಕಿಣ್ವವನ್ನು ಹೊರಗಿನಿಂದ ಕೊಟ್ಟರೂ ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ.

ಇದನ್ನು ಚಿಕಿತ್ಸೆಯಾಗಿಸಲು ಅಮೆರಿಕದ ರೋಸ್ಕೊ ಬ್ರೇಡಿ ಪಟ್ಟ ಪಾಡು ದೊಡ್ಡದು. ಗೋಶೆ ರೋಗದಲ್ಲಿ ಒಂದು ಬಗೆಯ ಕೊಬ್ಬು ಅರಗದೆ ಗುಲ್ಮ ಮತ್ತು ಯಕೃತ್ತು ಹಿಗ್ಗುತ್ತವೆ, ಮೂಳೆ ಟೊಳ್ಳಾಗುತ್ತದೆ. ಅದಕ್ಕೆ ಬೇಕಾದ ಕಿಣ್ವವನ್ನು ಅವರು ತೆಗೆದದ್ದು ಹೆರಿಗೆಯಾದ ಮೇಲೆ ಬೀಳುವ ಮಾಸಿನಿಂದ. ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಸಾವಿರಾರು ಮಾಸು ಬೇಕಾಗುತ್ತಿದ್ದವು. 1991ರಲ್ಲಿ ಆ ಔಷಧಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಕಿಣ್ವವನ್ನು ಪ್ರಯೋಗಾಲಯದ ಕೋಶಗಳಿಂದಲೇ ತಯಾರಿಸುವಂತಾಯಿತು. ಬೆಲೆ ಮಾತ್ರ ಇಳಿಯಲಿಲ್ಲ. ಎರಡು ವಾರಕ್ಕೊಮ್ಮೆ, ಜೀವನಪೂರ್ತಿ, ನರಕ್ಕೆ ಹನಿಹನಿಯಾಗಿ ಏರಿಸಬೇಕು. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ರೋಗಗಳ ನೀತಿ ತಂದು, ಮರುವರ್ಷ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಎಂದಿತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಈ ನೀತಿಯಡಿ ಗುರುತಿಸಿದ ಕೇಂದ್ರಗಳ ಪಟ್ಟಿಯಲ್ಲಿವೆ. 50 ಲಕ್ಷ ದೊಡ್ಡ ಮೊತ್ತವೇ. ಆದರೆ ಬೆಳೆಯುವ ಮಗುವಿಗೆ ತೂಕ ನೋಡಿ ಕೊಡುವ, ಎಂದೂ ನಿಲ್ಲಿಸಲಾಗದ ಔಷಧಕ್ಕೆ ಅದು ಎಷ್ಟು ಕಾಲ ಬಂದೀತು?

ಇನ್ನು ಜಪಾನಿಗೆ ಬರೋಣ. ಕೋಶ ತನ್ನ ಭಾಗಗಳನ್ನು ತಾನೇ ಪೊರೆಯಲ್ಲಿ ಸುತ್ತಿ ಲೈಸೊಸೋಮಿಗೆ ಒಪ್ಪಿಸುವ ಕ್ರಿಯೆಗೆ 1963ರಲ್ಲೇ ಡಿ ಡೂವ್ ಆಟೋಫೇಜಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ದಿನಸಿ ಮುಗಿದಾಗ ಅಟ್ಟದ ಹಳೇ ಪಾತ್ರೆ ಮಾರಿ ಅಕ್ಕಿ ತಂದ ಹಾಗೆ ಇದು. ಆದರೆ ಇದನ್ನು ನಡೆಸುವ ಜೀನುಗಳು ಯಾವುವು ಎಂದು ಮೂವತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ. 1988ರಲ್ಲಿ ಟೋಕಿಯೋದಲ್ಲಿ ಸ್ವಂತ ಪ್ರಯೋಗಾಲಯ ತೆರೆದ ಯೊಶಿನೊರಿ ಓಸುಮಿ, ಬ್ರೆಡ್ ಉಬ್ಬಿಸುವ ಯೀಸ್ಟ್ ಅನ್ನೇ ಹಿಡಿದರು. ಜೀರ್ಣಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಉಪವಾಸ ಕೆಡವಿದರು. ಚೀಲಕ್ಕೆ ಬಂದದ್ದು ಅರಗದೆ ಅಲ್ಲೇ ಉಳಿಯಬೇಕಲ್ಲ? ಕೆಲವೇ ಗಂಟೆಗಳಲ್ಲಿ ಚೀಲದ ತುಂಬ ಸಣ್ಣ ಗುಳ್ಳೆಗಳು ಕುಣಿಯುವುದು ಸಾಮಾನ್ಯ ಸೂಕ್ಷ್ಮದರ್ಶಕಕ್ಕೇ ಕಂಡಿತು. ಯಾವ ತಳಿಯಲ್ಲಿ ಗುಳ್ಳೆ ಬರುವುದಿಲ್ಲವೋ ಅದರಲ್ಲಿ ಜೀನು ಕೆಟ್ಟಿದೆ ಎಂಬ ಸರಳ ತರ್ಕದಿಂದ 1993ರ ಹೊತ್ತಿಗೆ 15 ಜೀನುಗಳ ಸುಳಿವು ಹಿಡಿದರು. ಅವುಗಳ ನೆಂಟರು ನಮ್ಮಲ್ಲೂ ಇದ್ದಾರೆ. 2016ರಲ್ಲಿ ಅವರಿಗೆ ನೊಬೆಲ್ ಬಂತು.

ಆಮೇಲೆ ವಾಟ್ಸಾಪಿನಲ್ಲಿ ನಮ್ಮ ಏಕಾದಶಿ ಉಪವಾಸಕ್ಕೇ ನೊಬೆಲ್ ಬಂತೆಂಬ ಸಂದೇಶ ಓಡಾಡಿತು. ಏಕಾದಶಿ ಮಾಡುವವರು ಶ್ರದ್ಧೆಯಿಂದ ಮಾಡಲಿ, ಅದಕ್ಕೆ ಓಸುಮಿಯವರ ಸರ್ಟಿಫಿಕೇಟು ಬೇಕಿಲ್ಲ, ಅವರು ಕೊಟ್ಟೂ ಇಲ್ಲ. ಬದುಕಿರುವ ಮನುಷ್ಯನ ಅಂಗಾಂಗಗಳಲ್ಲಿ ಆಟೋಫೇಜಿಯನ್ನು ನೇರವಾಗಿ ಅಳೆಯುವುದು ಇಂದಿಗೂ ಕಷ್ಟದ ಕೆಲಸ.

ಇಲಿಗಳಲ್ಲಿ ಮಾತ್ರ ಸಂಗತಿ ಸ್ಪಷ್ಟವಾಯಿತು. 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಯ ನರಕೋಶಗಳಲ್ಲಿ ಮಾತ್ರ ಆಟೋಫೇಜಿ ನಿಲ್ಲಿಸಿದವು. ಬೇರೇನೂ ತೊಂದರೆ ಕೊಡಲಿಲ್ಲ. ಆದರೂ ಮಿದುಳಿನಲ್ಲಿ ಪ್ರೋಟೀನ್ ಗಂಟುಕಟ್ಟಿ, ನರಕೋಶಗಳು ಸತ್ತು, ಇಲಿಗಳು ನಡಿಗೆಯ ಹಿಡಿತ ಕಳೆದುಕೊಂಡವು. ನರಕೋಶ ವಿಭಜನೆಯಾಗುವುದಿಲ್ಲ, ಕಸವನ್ನು ಮರಿಕೋಶಗಳಿಗೆ ಹಂಚಿ ಹಗುರಾಗುವ ದಾರಿ ಅದಕ್ಕಿಲ್ಲ.

ಅಷ್ಟರಲ್ಲಿ ಗೋಶೆ ರೋಗಿಗಳನ್ನು ನೋಡುತ್ತಿದ್ದ ಅಮೆರಿಕದ ಎಲೆನ್ ಸಿಡ್ರಾನ್ಸ್ಕಿ ಒಂದು ವಿಚಿತ್ರ ಗಮನಿಸಿದ್ದರು. ಕೆಲವು ರೋಗಿಗಳಿಗೆ ಮತ್ತು ಅವರ ಮನೆಯ ಹಿರಿಯರಿಗೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗುವ ಕಾಯಿಲೆ ಬರುತ್ತಿತ್ತು. 16 ಕೇಂದ್ರಗಳ 5,691 ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಗೋಶೆ ಜೀನಿನ ದೋಷ ಈ ರೋಗಿಗಳಲ್ಲಿ ಕಂಡುಬರುವ ಸಾಧ್ಯತೆ ಉಳಿದವರಿಗಿಂತ ಐದು ಪಟ್ಟಿಗೂ ಹೆಚ್ಚು. ದೋಷವಿರುವ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ಬಹುಪಾಲು ಜನರಿಗೆ ಬರುವುದೇ ಇಲ್ಲ. ಆದರೂ ಕೆಲವೇ ಮಕ್ಕಳ ಕಾಯಿಲೆ ಎಂದು ಪಕ್ಕಕ್ಕಿಟ್ಟಿದ್ದರೆ ಲಕ್ಷಾಂತರ ವೃದ್ಧರ ಕಾಯಿಲೆಯ ಈ ಬಾಗಿಲು ಕಾಣುತ್ತಲೇ ಇರಲಿಲ್ಲ.

ರಕ್ತಕ್ಕೆ ಕೊಟ್ಟ ಕಿಣ್ವ ಮಿದುಳಿನ ತಡೆಗೋಡೆ ದಾಟುವುದಿಲ್ಲ. ಹಾಗಾಗಿ ದಾಟಬಲ್ಲ ಸಣ್ಣ ಅಣುಗಳ ಹುಡುಕಾಟ ನಡೆದಿದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಯೀಸ್ಟಿನಿಂದಲೇ ಶುರುಮಾಡಿ, ಆಟೋಫೇಜಿಯನ್ನು ಚುರುಕುಗೊಳಿಸುವ ಅಣುವೊಂದು ಇಲಿಗಳ ಮಿದುಳಿನಲ್ಲಿ ಪಾರ್ಕಿನ್ಸನ್ ಪ್ರೋಟೀನಿನ ಗಂಟುಗಳನ್ನು ತಗ್ಗಿಸಿತೆಂದು 2017ರಲ್ಲಿ ವರದಿ ಮಾಡಿತು. ಲಂಡನ್ನಿನಲ್ಲಿ ಪರೀಕ್ಷೆಗೆ ತೆಗೆದುಕೊಂಡ ಅಣು ನಮಗೆಲ್ಲ ಪರಿಚಿತ: ಆಂಬ್ರಾಕ್ಸಾಲ್, ಕಫ ಕರಗಿಸಲು ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಸಿರಪ್ಪಿನ ಮದ್ದು. ಅದು ಮಿದುಳು ಬಳ್ಳಿಯ ದ್ರವ ತಲುಪಿ ಅಲ್ಲಿ ಗೋಶೆ ಕಿಣ್ವದ ಪ್ರಮಾಣ ಏರಿಸಿತೆಂದು 2020ರಲ್ಲಿ ಪ್ರಕಟವಾಯಿತು. ಆ ಪರೀಕ್ಷೆಯನ್ನು ಪೂರ್ತಿ ಮಾಡಿದವರು ಹದಿನೇಳೇ ಮಂದಿ. ಕಾಯಿಲೆ ನಿಧಾನವಾಗುತ್ತದೆಯೇ ಎಂಬುದನ್ನು ನೂರಾರು ರೋಗಿಗಳಲ್ಲಿ ನೋಡುವ ದೊಡ್ಡ ಪರೀಕ್ಷೆ ಬ್ರಿಟನ್ನಿನಲ್ಲಿ ಈಗ ಆರಂಭವಾಗಿದೆ. ಕೆಮ್ಮಿಗೆ ನುಂಗುವ ಮಾತ್ರೆ 30 ಮಿಲಿಗ್ರಾಂ. ಲಂಡನ್ ರೋಗಿಗಳು ವೈದ್ಯರ ಕಣ್ಗಾವಲಿನಲ್ಲಿ ದಿನಕ್ಕೆ ತೆಗೆದುಕೊಂಡದ್ದು 1,260. ಆದ್ದರಿಂದ ಮನೆಯಲ್ಲಿರುವ ಸಿರಪ್ಪಿನ ಬಾಟಲಿ ಕೆಮ್ಮಿಗಷ್ಟೇ ಇರಲಿ.