ಆನಂದ್‌ಗೆ ಹೊರಟವರಿಗೆ ಕೆಲವು ಮಾತುಗಳು

(ಕುರುಗೋಡಿನಲ್ಲಿ ಅಧ್ಯಯನ ಪ್ರವಾಸಕ್ಕೆ ಹೊರಟ ಸದಸ್ಯರಿಗೆ ನೀಡಿದ ಉಪನ್ಯಾಸ)



1946ರಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ತಮ್ಮ ಒಕ್ಕೂಟ ಕಟ್ಟಿಕೊಂಡ ಊರು ಆನಂದ್. ಅದನ್ನು ಕಣ್ಣಾರೆ ನೋಡಬೇಕೆಂಬುದು ನಿಮ್ಮೆಲ್ಲರ ಆಸೆ. ಅಲ್ಲಿ ಹೋಗಿ ಹಾಸಿಗೆ ಹಿಡಿದರೆ ಪ್ರವಾಸ ವ್ಯರ್ಥ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ. ರೈಲಿನಲ್ಲಿ ಅಪರಿಚಿತರು ಕೊಟ್ಟ ತಿಂಡಿ, ಚಹಾ ಬೇಡ. ತೊಂದರೆಯಾದರೆ 139ಕ್ಕೆ ಫೋನ್ ಮಾಡಿ. ಗುಜರಾತಿನಲ್ಲಿ ಪಾನನಿಷೇಧವಿದೆ. ಬಾಟಲಿ ಒಯ್ದು, ಡೇರಿ ಬಿಟ್ಟು ಠಾಣೆ ನೋಡಿ ಬರಬೇಡಿ.

ಭೇದಿಯಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಯಿರಿ. ಚಮಚ ತಲೆಮಟ್ಟವಿರಲಿ. ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಹಸಿ ಹಾಲನ್ನು ಯಾರು ಕೊಟ್ಟರೂ ಕುಡಿಯಬೇಡಿ; ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು, ನೀರಿನಿಂದ ತೊಳೆದು ಅಂದೇ ಲಸಿಕೆ ಹಾಕಿಸಿ. ಊರಿಗೆ ಬಂದು ನೋಡೋಣ ಎನ್ನಬೇಡಿ.

ಇನ್ನು ಬಹಳ ಜನ ಮರೆಯುವ ಮಾತು. ಅಲ್ಲಿನ ಕೊಟ್ಟಿಗೆಗಳಲ್ಲಿ ಓಡಾಡಿದ ಚಪ್ಪಲಿ, ಬಟ್ಟೆಗಳಿಗೆ ಅಂಟಿಕೊಂಡು ಕಾಲುಬಾಯಿ ಬೇನೆ ನಮ್ಮ ಊರಿಗೂ ಬರಬಹುದು. ನಮಗೆ ಜ್ವರವಿಲ್ಲ, ನೋವಿಲ್ಲ. ಬಳಲುವುದು ಹಸು, ಬತ್ತುವುದು ಹಾಲು. ಚಪ್ಪಲಿಯ ಸಗಣಿ, ಮಣ್ಣು ಉಜ್ಜಿ ತೆಗೆದು, ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತೊಳೆಯಿರಿ. ಅಡುಗೆ ಸೋಡಾ ಇದಕ್ಕೆ ಬಾರದು. ಬಟ್ಟೆ ಒಗೆಯಲು ಹಾಕಿ, ಸ್ನಾನ ಮಾಡಿ. ಬಂದ ದಿನ ಹಾಲನ್ನು ಮನೆಯವರೇ ಕರೆಯಲಿ.