ಉಪವಾಸದ ಮರೆಯಲ್ಲಿ ಅಡಗುವ ರೋಗ



2016ರಲ್ಲಿ ಹೈದರಾಬಾದಿನ ಜೈನ ಕುಟುಂಬವೊಂದರ 13 ವರ್ಷದ ಬಾಲಕಿ 68 ದಿನಗಳ ಉಪವಾಸ ಮುಗಿಸಿದ ಬೆನ್ನಿಗೇ ಅಸುನೀಗಿದಳು. ಆಕೆಗೆ ಮನೋರೋಗವಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ ಆ ಸಾವು ಒಂದು ಪ್ರಶ್ನೆಯನ್ನು ಉಳಿಸಿತು: ಮಗುವೊಂದು ಅನ್ನ ಬಿಟ್ಟಾಗ ಸಮಾಜಕ್ಕೆ ಮೊದಲು ಮೂಡಬೇಕಾದುದು ಹೆಮ್ಮೆಯೋ, ಎಚ್ಚರವೋ?

ಉಪವಾಸ ರೋಗವಲ್ಲ, ಆದರೆ ರೋಗವು ಉಪವಾಸದ ವೇಷ ಧರಿಸಬಲ್ಲದು. 1873ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ 'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರನ್ನು ಬಳಸಿದರು. ತೂಕ ಹೆಚ್ಚೀತೆಂಬ ತೀವ್ರ ಭಯದಿಂದ ರೋಗಿ ಆಹಾರವನ್ನು ತ್ಯಜಿಸುತ್ತಾ ಹೋಗುವುದೇ ಇದರ ಲಕ್ಷಣ. 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದ 'ಬುಲಿಮಿಯಾ'ದಲ್ಲಿ ರೋಗಿ ಹಿಡಿತ ತಪ್ಪಿ ಉಂಡು, ಬಳಿಕ ವಾಂತಿ ಮಾಡಿಯೋ ಭೇದಿಯ ಮಾತ್ರೆ ನುಂಗಿಯೋ ಹೊರಹಾಕುತ್ತಾನೆ. ಇಲ್ಲಿ ತೂಕ ಸಹಜವಾಗಿಯೇ ಇರಬಹುದಾದ್ದರಿಂದ ಮನೆಯವರಿಗೆ ಸಂಶಯ ಬರುವುದಿಲ್ಲ. ಇವು ಹುಡುಗಿಯರಲ್ಲಿ ಹೆಚ್ಚು, ಹುಡುಗರೂ ಹೊರತಲ್ಲ.

ಗುರುತಿಸುವುದು ಹೇಗೆ? ವ್ರತಧಾರಿಯು ಪಾರಣೆಯ ದಿನವನ್ನು ಸಮಾಧಾನದಿಂದ ಸ್ವೀಕರಿಸುತ್ತಾನೆ. ರೋಗಿಯು ಪಾರಣೆಗೇ ಅಂಜುತ್ತಾನೆ. ಪರ್ವ ಕಳೆದರೂ ಉಪವಾಸ ಮುಂದುವರಿಯುತ್ತದೆ. ರಸಪರಿತ್ಯಾಗದ ಹೆಸರಿನಲ್ಲಿ ತುಪ್ಪ, ಎಣ್ಣೆ, ಸಕ್ಕರೆ ಒಂದೊಂದಾಗಿ ತಟ್ಟೆಯಿಂದ ಮರೆಯಾಗುತ್ತವೆ. ಪದೇ ಪದೇ ತೂಕ ನೋಡುವುದು, ಊಟವಾದೊಡನೆ ಬಚ್ಚಲಿಗೆ ಹೋಗುವುದು, ಸದಾ ಚಳಿ, ತಲೆಸುತ್ತು, ಮುಟ್ಟು ನಿಲ್ಲುವುದು, ಮೈಮೇಲೆ ನವಿರಾದ ರೋಮ, ಹಲ್ಲಿನ ಹೊರಪದರ ಸವೆಯುವುದು: ಇವೆಲ್ಲ ಎಚ್ಚರಿಕೆಯ ಗಂಟೆಗಳು. ಪೊಟ್ಯಾಸಿಯಂ ಕುಸಿದರೆ ಹೃದಯದ ಲಯವೇ ತಪ್ಪಬಹುದು.

ಇನ್ನೊಂದು ಅಪಾಯ ಅಷ್ಟಾಗಿ ತಿಳಿದಿಲ್ಲ. ದೀರ್ಘಕಾಲ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ನೀಡಿದರೆ ರಕ್ತದ ಫಾಸ್ಫೇಟ್ ಇಳಿದು ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ರೋಗಿಗಾಗಲಿ, ದೀರ್ಘ ಉಪವಾಸಿಗಾಗಲಿ, ಆಹಾರದ ಪುನರಾರಂಭ ವೈದ್ಯರ ನಿಗಾದಲ್ಲಿ ನಡೆಯಬೇಕು.

ಈ ರೋಗಗಳಿಗೆ ಚಿಕಿತ್ಸೆಯಿದೆ. ಹದಿಹರೆಯದವರ ಅನೊರೆಕ್ಸಿಯಾದಲ್ಲಿ ತಂದೆತಾಯಿಯೇ ಊಟದ ಹೊಣೆ ಹೊರುವ ಕುಟುಂಬಾಧಾರಿತ ಚಿಕಿತ್ಸೆಯೂ, ಬುಲಿಮಿಯಾದಲ್ಲಿ ಅರಿವು-ವರ್ತನೆಯ ಚಿಕಿತ್ಸೆಯೂ ಫಲ ನೀಡುತ್ತವೆ. ಮನೋವೈದ್ಯರು, ಆಹಾರತಜ್ಞರು ಜೊತೆಗೂಡಿ ದುಡಿಯಬೇಕು. ಸಸ್ಯಾಹಾರ ನಿಯಮವನ್ನು ಮುರಿಯದೆಯೇ ಊಟದ ಯೋಜನೆ ಸಾಧ್ಯ. ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಖರ್ಚಿನ ಚಿಂತೆಯುಳ್ಳವರು ತಿಳಿಯಬೇಕಾದುದು: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಕಲಮಿನಂತೆ, ದೈಹಿಕ ಕಾಯಿಲೆಗಿರುವ ಆಧಾರದಲ್ಲೇ ಮನೋರೋಗಕ್ಕೂ ವಿಮಾ ಸೌಲಭ್ಯ ಒದಗಿಸುವುದು ವಿಮಾ ಸಂಸ್ಥೆಗಳ ಕರ್ತವ್ಯ. ವಿಮಾ ಪತ್ರವನ್ನು ಓದಿ, ಹಕ್ಕನ್ನು ಕೇಳಿ ಪಡೆಯಬೇಕು.

ತತ್ತ್ವಾರ್ಥಸೂತ್ರವು ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳನ್ನು ಹೇಳುವಾಗ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿಗೆ ತಕ್ಕಂತೆ' ಎಂಬ ಮಿತಿಯನ್ನು ಇಟ್ಟಿದೆ. ಆ ಮಿತಿಯನ್ನು ಮರೆತು ದಿನಗಳನ್ನಷ್ಟೇ ಎಣಿಸಿ ಶಾಲು ಹೊದಿಸುವುದು ಧರ್ಮಪ್ರಭಾವನೆಯಲ್ಲ. ಹದಿನೆಂಟು ತುಂಬದವರ ದೀರ್ಘ ಉಪವಾಸಕ್ಕೆ ಸನ್ಮಾನವಾಗಲಿ, ಮೆರವಣಿಗೆಯಾಗಲಿ, ಫಲಕವಾಗಲಿ ಇಲ್ಲವೆಂದು ಪ್ರತಿ ಸಂಘವೂ ಈ ಪರ್ಯುಷಣಕ್ಕೆ ಮುನ್ನ ನಿರ್ಣಯಿಸಲಿ. ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜ ತನ್ನ ಮಕ್ಕಳ ದೇಹದ ಮೇಲಿನ ಹಿಂಸೆಗೆ ಚಪ್ಪಾಳೆ ತಟ್ಟಬಾರದು.