ಕಂಬದ ಮೇಲಿನ ಪರಿವರ್ತಕ



ಶೃಂಗೇರಿಯಿಂದ ಕಿಗ್ಗದ ದಾರಿ ಹಿಡಿದು ಸಿರಿಮನೆಯ ಜಲಪಾತದತ್ತ ಸಾಗುವವರ ಕಣ್ಣು ಕಾಡಿನ ಕಡೆಗೆ ಹೊರಳುತ್ತದೆಯೇ ಹೊರತು, ಕಂಬದ ಮೇಲೆ ಕುಳಿತ ಪೆಟ್ಟಿಗೆಯ ಕಡೆಗಲ್ಲ. ಜನ ಟಿ.ಸಿ. ಎಂದು ಕರೆಯುವ ಈ ಪರಿವರ್ತಕವು 11,000 ವೋಲ್ಟಿನ ಬಿರುಸನ್ನು 433 ವೋಲ್ಟಿಗೆ ತಗ್ಗಿಸಿ ಗಿರಣಿಗೂ ಅಂಗಡಿಗೂ ಒಪ್ಪಿಸುತ್ತದೆ. ಸಾಲ ತಂದು ಸಣ್ಣ ಉದ್ಯಮ ಹೂಡುವವನಿಗೆ ಇಲ್ಲಿ ಎರಡು ಪ್ರಶ್ನೆಗಳಿವೆ: ಎಷ್ಟು ದೊಡ್ಡದು ಬೇಕು? ಅದನ್ನು ಕಾಯುವುದು ಹೇಗೆ?

ಒಂದು ಉದಾಹರಣೆಯನ್ನು ನೋಡೋಣ. 15 ಅಶ್ವಶಕ್ತಿಯ ಹಿಟ್ಟಿನ ಗಿರಣಿ, 5ರ ಪಂಪು, ಅಡಿಕೆ ಸುಲಿಯುವ 2ರ ಯಂತ್ರ, ಜತೆಗೆ ದೀಪ, ಬಿಸಿನೀರಿನ ಗೀಸರ್. ಇವುಗಳ ಬೇಡಿಕೆ ಕ್ರಮವಾಗಿ ಸುಮಾರು 15, 5, 2 ಮತ್ತು 5 ಕೆ.ವಿ.ಎ. ಕೂಡಿದರೆ 27. ಮಾರುಕಟ್ಟೆಯಲ್ಲಿ ಸಿಗುವ ಅಳತೆಗಳು 25, 63, 100. ಹಾಗಾದರೆ 63 ಬೇಕೇ? ಗಿರಣಿ ನಿಂತ ಮೇಲೆ ಪಂಪು ನಡೆಸುವ ಪದ್ಧತಿ ಇಟ್ಟುಕೊಂಡರೆ ಹೊರೆ 22ಕ್ಕೆ ಇಳಿಯುತ್ತದೆ, 25 ಸಾಕು. ಮೋಟಾರು ಹೊರಡುವ ಗಳಿಗೆಯಲ್ಲಿ ಸುಮಾರು ಆರು ಪಟ್ಟು ಪ್ರವಾಹ ಸೆಳೆದು ದೀಪಗಳು ಮಂಕಾಗುತ್ತವೆ. ಸ್ಟಾರ್-ಡೆಲ್ಟಾ ಸ್ಟಾರ್ಟರು ಆ ಸೆಳೆತವನ್ನು ಮೂರನೆಯ ಒಂದು ಪಾಲಿಗೆ ತರುತ್ತದೆ.

ದೊಡ್ಡದು ಯಾವಾಗಲೂ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಯಾರೂ ಬಳಸದ ರಾತ್ರಿಯಲ್ಲೂ ಪರಿವರ್ತಕ ತನ್ನ ಪಾಲನ್ನು ನುಂಗುತ್ತದೆ. ಹಳೆಯ ಭಾರತೀಯ ಮಾನಕದಲ್ಲಿ ಈ ನಷ್ಟ 25ಕ್ಕೆ ಸುಮಾರು 100 ವ್ಯಾಟ್, 63ಕ್ಕೆ 180. ವರ್ಷವಿಡೀ ಲೆಕ್ಕ ಹಾಕಿದರೆ 876 ಯೂನಿಟ್ಟು, 1,577 ಯೂನಿಟ್ಟು. ಆದರೆ ಎರಡು ವರ್ಷದಲ್ಲಿ ಇನ್ನೊಂದು ಗಿರಣಿ ಹೂಡುವ ನಿಶ್ಚಯವಿದ್ದರೆ 63 ದುಂದುಗಾರಿಕೆಯಲ್ಲ. ಅಳತೆಯನ್ನು ನಿರ್ಧರಿಸುವುದು ಯಂತ್ರಗಳ ಮೇಲೆ ಬರೆದ ಅಂಕಿಯಲ್ಲ, ನಮ್ಮ ದಿನಚರಿ.

ಇನ್ನು ಕಾವಲಿನ ಮಾತು. 25 ಕೆ.ವಿ.ಎ. ಪರಿವರ್ತಕದ ಪೂರ್ಣ ಹೊರೆ ಕೆಳಗಿನ ಬದಿಯಲ್ಲಿ ಸುಮಾರು 33 ಆಂಪಿಯರು; ಮೇಲಿನ ಬದಿಯಲ್ಲಿ ಒಂದೂಕಾಲು ಆಂಪಿಯರಿಗೆ ಸ್ವಲ್ಪ ಹೆಚ್ಚು. ಫ್ಯೂಸು ಇದಕ್ಕೆ ತಕ್ಕಂತಿರಬೇಕು. ಪದೇ ಪದೇ ಕರಗುವುದೆಂದು ಬೇಸತ್ತು ದಪ್ಪ ತಂತಿ ಸುತ್ತಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಕರಗುವುದೇ ಅದರ ಧರ್ಮ. ಅಗ್ಗದ ತಂತಿ ಕರಗದೆ ಉಳಿದರೆ ಬೆಲೆಬಾಳುವ ಪರಿವರ್ತಕ ಸುಡುತ್ತದೆ.

ಸಿಡಿಲಿಗೆ ಬೇರೆಯ ಕಾವಲುಗಾರನಿದ್ದಾನೆ. ಅದು ಲೈಟ್ನಿಂಗ್ ಅರೆಸ್ಟರು. ಅದು ಪರಿವರ್ತಕಕ್ಕೆ ಹತ್ತಿರವಿದ್ದು, ಅದರ ನೆಲತಂತಿ ಗಿಡ್ಡವಾಗಿಯೂ ನೇರವಾಗಿಯೂ ಇರಬೇಕು. ಅದರ ಬಲವಿರುವುದು ನೆಲದಲ್ಲಿ. ಕಿಗ್ಗದ ಋಷ್ಯಶೃಂಗೇಶ್ವರನನ್ನು ಮಳೆಯ ದೇವರೆಂದು ನಂಬಿದ ಈ ಸೀಮೆಯಲ್ಲಿ ಜುಲೈ ತಿಂಗಳ ನೆಲ ನೀರುಂಡು ಪ್ರವಾಹವನ್ನು ಸುಲಭವಾಗಿ ಒಳಗೆಳೆದುಕೊಳ್ಳುತ್ತದೆ. ಆದರೆ ಗುಡುಗು ಸಿಡಿಲುಗಳ ಅಬ್ಬರ ಹೆಚ್ಚಾಗಿರುವುದು ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳಲ್ಲಿ, ನೆಲ ಒಣಗಿ ಬಿರಿದಾಗ! ಮಳೆಗಾಲದಲ್ಲಿ ಅಳೆದು ಚೆನ್ನಾಗಿದೆಯೆಂದು ನಿಶ್ಚಿಂತೆಯಾದ ನೆಲ, ಬೇಕಾದ ಹೊತ್ತಿನಲ್ಲಿ ಕೈಕೊಡುತ್ತದೆ. ಭೂಸಂಪರ್ಕವನ್ನು ಬೇಸಗೆಯಲ್ಲಿಯೇ ಅಳೆಸಬೇಕು, ಕೊರತೆ ಕಂಡರೆ ಇನ್ನೊಂದು ಗುಂಡಿ ತೆಗೆಸಬೇಕು.

ಈ ಕೆಲಸವನ್ನೆಲ್ಲ ಪರವಾನಗಿ ಪಡೆದವರೇ, ವಿದ್ಯುತ್ತು ನಿಂತ ಮೇಲೆಯೇ ಮಾಡತಕ್ಕದ್ದು. ಕಂಬ ಹತ್ತುವವನ ಜೀವವೂ ಆ ಗುಂಡಿಯ ಹಸಿಯನ್ನೇ ನಂಬಿರುತ್ತದೆ.